ಗೋದಾಮಿನಿಂದ ಕುರ್ಚಿಗೆ: ಎಂ.ಬಿ.ಎ. ಹುಡುಗನ ಮೊದಲ ಮೂರು ವರ್ಷ

“ಚೀಲ ಎಣಿಸಾಕ ಎಂ.ಬಿ.ಎ. ಯಾಕ ಓದಿಸಬೇಕಿತ್ತಪಾ? ನಮ್ಮೂರ ಸಂತ್ಯಾಗ ಸಾಲಿ ಮೆಟ್ಟಲಾ ಹತ್ತದವರೂ ಎಣಿಸ್ತಾರಲ್ಲ!”

2022ರ ದೀಪಾವಳಿ ಕಳೆದು ಒಂದು ವಾರವಾಗಿತ್ತು. ಗಡಹಿಂಗ್ಲಜ ತಾಲೂಕಿನ ಹಳ್ಳಿಯಿಂದ ನನ್ನ ಅಕ್ಕ ಫೋನಿನಲ್ಲಿ ಹೀಗೆ ಒದರಿದಳು. ನಮ್ಮ ತವರಿನ ಮಾತು ತೆಲುಗು, ಅಕ್ಕನನ್ನು ಕೊಟ್ಟ ಮನೆಯ ಮಾತು ಕನ್ನಡ. ಸಮಾಧಾನದಲ್ಲಿದ್ದರೆ ಆಕೆ ನನ್ನೊಡನೆ ತೆಲುಗಿನಲ್ಲಿ ಮಾತಾಡುತ್ತಾಳೆ. ಸಿಟ್ಟು ಬಂದರೆ ಗಂಡನ ಮನೆಯ ಕನ್ನಡಕ್ಕೆ ಇಳಿಯುತ್ತಾಳೆ. ಅಂದು ಪೂರ್ತಿ ಕನ್ನಡ. ಮಗ ಇಚಲಕರಂಜಿಯ ಒಂದು ನೂಲಿನ ಪೇಢಿಯಲ್ಲಿ ‘ಮ್ಯಾನೇಜ್‌ಮೆಂಟ್ ಟ್ರೇನಿ’ ಎಂದು ಸೇರಿ ನಾಲ್ಕು ತಿಂಗಳಾಗಿತ್ತು. ಹಬ್ಬಕ್ಕೆ ಬಂದವನು ತಿರುಗಿ ಹೋಗಲೊಲ್ಲೆ ಎಂದು ಕೂತುಬಿಟ್ಟಿದ್ದ. “ನಿನ್ನ ಮಾತ ಕೇಳ್ತಾನ, ಬಂದು ಹೋಗೋ ತಮ್ಮಾ” ಎಂದು ಅಕ್ಕ ಫೋನು ಇಟ್ಟಳು.

ನಮ್ಮ ಗಡಿಯ ಹಳ್ಳಿಗಳಲ್ಲಿ ಇಂಥ ಮನೆಗಳು ಈಗ ಬಹಳ. ಕಬ್ಬಿನ ದುಡ್ಡಿನಲ್ಲಿ, ಸಾಲದ ದುಡ್ಡಿನಲ್ಲಿ ಮಗನನ್ನೋ ಮಗಳನ್ನೋ ಬಿ.ಕಾಂ. ಓದಿಸುತ್ತೇವೆ, ಎಂ.ಬಿ.ಎ. ಓದಿಸುತ್ತೇವೆ. ಕಾಲೇಜಿನ ಬಾಗಿಲಿಗೂ ಮ್ಯಾನೇಜರನ ಕುರ್ಚಿಗೂ ನಡುವೆ ಏನಿದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ನಡುವಿನ ಮೂರು ವರ್ಷದ ಮಾತನ್ನು ಒಕ್ಕಲಿಗ ಹಾಗೂ ವ್ಯಾಪಾರಿ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲ ಮೆಟ್ಟಿಲು ಗಡಹಿಂಗ್ಲಜ

ಹಿರಣ್ಯಕೇಶಿ ದಂಡೆಯ ಗಡಹಿಂಗ್ಲಜ ಬೆಲ್ಲ, ಮೆಣಸಿನಕಾಯಿ ಪೇಟೆಗೆ ಹೆಸರಾದ ಊರು. ಸಂಕೇಶ್ವರಿ ಮೆಣಸಿನಕಾಯಿ ಇಲ್ಲಿಗೆ ಬರುತ್ತದೆ. ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ಪೇಟೆಯಲ್ಲಿ ಎರಡೂ ನಡೆಯುತ್ತವೆ. ಊರಲ್ಲೇ ಡಾ. ಘಾಳಿ ಕಾಲೇಜು, ಶಿವರಾಜ ಕಾಲೇಜು ಇರುವುದರಿಂದ ಹಳ್ಳಿಯ ಮಕ್ಕಳು ಬಸ್ಸಿನ ಪಾಸಿನ ಮೇಲೆ ಪದವಿ ಮುಗಿಸುತ್ತಾರೆ. ಪದವಿ ಪತ್ರ ಕೊಡುವುದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ. 1962ರ ನವೆಂಬರ್ 18ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರು ಉದ್ಘಾಟಿಸಿದ ವಿದ್ಯಾಪೀಠವದು. ಅದು ಬರುವ ಮುಂಚೆ ಈ ಭಾಗದವರ ಪರೀಕ್ಷೆ, ಪದವಿ ಎಲ್ಲ ಪುಣೆಯ ಕಡೆಗೆ.

ನಮ್ಮ ಹುಡುಗನೂ ಗಡಹಿಂಗ್ಲಜದಲ್ಲೇ ಬಿ.ಕಾಂ. ಮಾಡಿದ. ಜರ್ನಲ್, ಲೆಡ್ಜರ್, ತಾಳೆಪಟ್ಟಿ ಎಲ್ಲ ಕಲಿತ. ಕಾಲೇಜಿನಿಂದ ಕೂಗಳತೆಯಲ್ಲಿ ಅಡತಿ ಅಂಗಡಿಗಳಿದ್ದರೂ ಮೂರು ವರ್ಷದಲ್ಲಿ ಒಂದು ದಿನ ಅಲ್ಲಿ ಹೋಗಿ ದಿವಾಣಜಿಯ ಪಕ್ಕ ಕೂತಿರಲಿಲ್ಲ. ಸವಾಲು ಹೇಗೆ ಕೂಗುತ್ತಾರೆ, ತೂಟು ಎಷ್ಟು ಮುರಿಯುತ್ತಾರೆ, ಹಮಾಲಿ ಯಾರ ತಲೆಗೆ ಬರುತ್ತದೆ, ಇದೊಂದೂ ಅವನಿಗೆ ಗೊತ್ತಿರಲಿಲ್ಲ. ತಪ್ಪು ಅವನೊಬ್ಬನದೇ ಅಲ್ಲ. ಮೆಣಸಿನಕಾಯಿ ಚೀಲ ಮಾರಲು ಹೋದಾಗ ಮಗನನ್ನು ಜತೆಗೆ ಕರೆದುಕೊಂಡು ಹೋಗದ ಅಪ್ಪನದೂ ಇದೆ.

ಎರಡನೆಯ ಮೆಟ್ಟಿಲು ಕೊಲ್ಹಾಪುರ

ಗಡಹಿಂಗ್ಲಜದಿಂದ ಬಸ್ಸು ಸಂಕೇಶ್ವರ, ನಿಪ್ಪಾಣಿ ಹಾದು ಕಾಗಲದ ಮೇಲೆ ಕೊಲ್ಹಾಪುರಕ್ಕೆ ಹೋಗುತ್ತದೆ. ಮಹಾರಾಷ್ಟ್ರ ಬಿಟ್ಟು ಕರ್ನಾಟಕಕ್ಕೆ ಬಂದು ಮತ್ತೆ ಮಹಾರಾಷ್ಟ್ರ ಸೇರುವ ದಾರಿ. ಈ ದಾರಿ ಹಿಡಿದ ಕನ್ನಡದ ಹುಡುಗರು ನಿನ್ನೆ ಮೊನ್ನೆಯವರಲ್ಲ. ಶಾಹೂ ಮಹಾರಾಜರು 1901ರಿಂದ ಜಾತಿ ಜಾತಿಯ ಬಡಮಕ್ಕಳಿಗೆ ವಸತಿಗೃಹ ತೆರೆಯಿಸಿದಾಗ ವೀರಶೈವ, ಜೈನ ಮನೆಗಳ ಮಕ್ಕಳೂ ಅಲ್ಲಿ ಉಂಡು ಓದಿದರು. ನಮ್ಮ ವಿ.ಕೃ. ಗೋಕಾಕರು 1950ರ ದಶಕದ ಆರಂಭದಲ್ಲಿ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು.

ಶಾಹೂ ಮಹಾರಾಜರು ಓದಿಗೆ ಕೊಟ್ಟಷ್ಟೇ ಒತ್ತನ್ನು ವ್ಯಾಪಾರಕ್ಕೂ ಕೊಟ್ಟವರು. 1895ರಲ್ಲಿ ಶಾಹೂಪುರಿ ಬೆಲ್ಲದ ಪೇಟೆ ಕಟ್ಟಿಸಿದರು. ಕೊಲ್ಹಾಪುರಿ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ದೊರೆಯಿತು. ಆಮೇಲೆ ಉದ್ಯಮನಗರದಲ್ಲಿ ಲೇಥು, ಎರಕದ ಕುಲುಮೆ ಬಂದವು. ಶಿರೋಲಿ, ಗೋಕುಳ ಶಿರಗಾಂವ, ಕಾಗಲದಲ್ಲಿ ಕೈಗಾರಿಕಾ ವಸಾಹತುಗಳು ಬೆಳೆದವು. 1963ರಲ್ಲಿ ಜಿಲ್ಲಾ ಹಾಲು ಉತ್ಪಾದಕರ ಸಂಘ, ಅಂದರೆ ನಾವು ‘ಗೋಕುಳ’ ಎನ್ನುವುದು, ಹುಟ್ಟಿತು. ಸಕ್ಕರೆ ಕಾರಖಾನೆ, ಸಹಕಾರಿ ಬ್ಯಾಂಕು, ನೂಲಿನ ಗಿರಣಿ ಎದ್ದವು. ಇಷ್ಟೆಲ್ಲ ನಡೆಸಲು ಲೆಕ್ಕ ಬಲ್ಲವರು, ಜನರನ್ನು ಬಲ್ಲವರು ಬೇಕಾದರು.

ದೇಶದ ಮೊದಲ ಎರಡು ಐ.ಐ.ಎಂ.ಗಳು ಕಲಕತ್ತಾ ಮತ್ತು ಅಹಮದಾಬಾದಿನಲ್ಲಿ ತೆರೆದದ್ದು 1961ರಲ್ಲಿ. ಅದಾಗಿ 15 ವರ್ಷಕ್ಕೆ, 1976ರಲ್ಲಿ, ಚಾರ್ಟರ್ಡ್ ಅಕೌಂಟಂಟ್ ಆಗಿದ್ದ ಡಾ. ಎ. ಡಿ. ಶಿಂದೆಯವರು ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಹೆಸರಿನಲ್ಲಿ ವ್ಯವಹಾರ ಶಿಕ್ಷಣದ ಸಂಸ್ಥೆ ಹುಟ್ಟುಹಾಕಿದರು. ಜನ ಅದನ್ನು ‘ಸೈಬರ್’ ಎಂದೇ ಕರೆಯುತ್ತಾರೆ. ಲೆಕ್ಕ ತಪಾಸಣೆಯ ಕಸುಬಿನವರೊಬ್ಬರು ಇಂಥ ಸಂಸ್ಥೆ ಕಟ್ಟಿದ್ದು ಗಮನಿಸತಕ್ಕ ಸಂಗತಿ. ಈಗ ವಿದ್ಯಾಪೀಠದಲ್ಲೂ ಬೇರೆ ಸಂಸ್ಥೆಗಳಲ್ಲೂ ಎಂ.ಬಿ.ಎ. ಇದೆ. ಪುಣೆ, ಮುಂಬಯಿಗೆ ಹೋಗಲಾರದ ಮನೆಯ ಮಕ್ಕಳಿಗೆ ಇದೊಂದು ದೊಡ್ಡ ಉಪಕಾರ.

ನಮ್ಮ ಹುಡುಗ ಕೊಲ್ಹಾಪುರದ ಒಂದು ಸಂಸ್ಥೆಯಲ್ಲಿ 2022ರಲ್ಲಿ ಎಂ.ಬಿ.ಎ. ಮುಗಿಸಿದ. ಫೀ, ಊಟ, ಕೋಣೆ ಬಾಡಿಗೆ ಕೂಡಿ ಬ್ಯಾಂಕಿನಿಂದ 4 ಲಕ್ಷ ಶಿಕ್ಷಣ ಸಾಲ. ಸಾಲದ್ದಕ್ಕೆ ಅಕ್ಕ ಎರಡು ತೊಲೆ ಬಂಗಾರ ಅಡವಿಟ್ಟಳು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡವು ಬೇಡ, ಓದು ಮುಗಿದು ಒಂದು ವರ್ಷದವರೆಗೆ ಕಂತೂ ಬೇಡ. ಇದನ್ನು ಕೇಳಿ ನಮ್ಮವರು ಹಗುರಾಗುತ್ತಾರೆ. ಆದರೆ ಆ ಅವಧಿಯಲ್ಲೂ ಬಡ್ಡಿ ಓಡುತ್ತಲೇ ಇರುತ್ತದೆ. ಅದನ್ನು ಬಿಟ್ಟೇ ಲೆಕ್ಕ ಹಾಕೋಣ. 4 ಲಕ್ಷಕ್ಕೆ ಶೇ. 10ರ ಬಡ್ಡಿ, 10 ವರ್ಷದ ಅವಧಿ ಹಿಡಿದರೆ ತಿಂಗಳ ಕಂತು ಸುಮಾರು 5,300 ರೂಪಾಯಿ. ಒಟ್ಟು ಕಟ್ಟುವುದು 6 ಲಕ್ಷ 34 ಸಾವಿರ. ಹುಡುಗನ ಮೊದಲ ಪಗಾರ 14 ಸಾವಿರ. ಕೋಣೆಗೂ ಖಾನಾವಳಿಗೂ 6 ಸಾವಿರ ತೆಗೆದರೆ ಉಳಿಯುವುದು 8. ಅದರಲ್ಲಿ ಕಂತು ಹೋದರೆ ಕೈಯಲ್ಲಿ 2,700. ಇಷ್ಟು ಲೆಕ್ಕವನ್ನು ಸಾಲದ ಅರ್ಜಿಗೆ ಸಹಿ ಹಾಕುವ ಮೊದಲೇ ಹಾಕಬೇಕಿತ್ತು. ನಾನೂ ಹಾಕಿರಲಿಲ್ಲ. “ಓದಲಿ ಬಿಡು” ಎಂದು ಹುರುಪು ತುಂಬಿದವರಲ್ಲಿ ನಾನೂ ಒಬ್ಬ.

ಮೂರನೆಯ ಮೆಟ್ಟಿಲು ಇಚಲಕರಂಜಿ

ಕೊಲ್ಹಾಪುರದಿಂದ ಸುಮಾರು 30 ಕಿ.ಮೀ. ಪೂರ್ವಕ್ಕೆ ಇಚಲಕರಂಜಿ. 1904ರಲ್ಲಿ ವಿಠ್ಠಲರಾವ ದಾತಾರರು ಇಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದರು. ಜಹಗೀರದಾರರಾಗಿದ್ದ ನಾರಾಯಣರಾವ ಘೋರ್ಪಡೆಯವರು ಆಸರೆ ಕೊಟ್ಟರು. ಆ ಒಂದು ಮಗ್ಗದಿಂದ ಬೆಳೆದ ಊರು 2022ರಲ್ಲಿ ಮಹಾನಗರಪಾಲಿಕೆಯಾಯಿತು. ಮರಾಠಿ, ಕನ್ನಡ, ತೆಲುಗು, ಮಾರವಾಡಿ, ಹಿಂದಿ ಎಲ್ಲ ಮಾತೂ ಮಗ್ಗದ ಸದ್ದಿನ ಮೇಲೆ ಗಂಟಲೆತ್ತಿ ಆಡಬೇಕು. ನೂಲು, ಬಟ್ಟೆಯ ಓದಿಗೆ ಇಲ್ಲಿಯೇ 1982ರಿಂದ ಡಿ.ಕೆ.ಟಿ.ಇ. ಸಂಸ್ಥೆ ಇದೆ.

ಇಲ್ಲಿಯ ವ್ಯವಹಾರ ಹೀಗೆ: ದೊಡ್ಡ ವ್ಯಾಪಾರಿ ನೂಲು ಕೊಡುತ್ತಾನೆ. ಸೈಜಿಂಗಿನಲ್ಲಿ ಗಂಜಿ ಹಾಕಿಸಿಕೊಂಡು ಬೀಮು ತಯಾರಾಗುತ್ತದೆ. ಸ್ವಂತ ಬಂಡವಾಳವಿಲ್ಲದ ಮಗ್ಗದವ, ಇಲ್ಲಿಯ ಮಾತಿನಲ್ಲಿ ‘ಖರ್ಚೀವಾಲಾ’, ಅದನ್ನು ನೇಯ್ದು ಬಟ್ಟೆ ಒಪ್ಪಿಸಿ ಪೀಕಿನ ಲೆಕ್ಕದಲ್ಲಿ ಮಜೂರಿ ಪಡೆಯುತ್ತಾನೆ. ಪೀಕು ಎಂದರೆ ಹೊಕ್ಕಿನ ಎಳೆ. ಮಜೂರಿಯ ಜಗಳವೆಲ್ಲ ಪೈಸೆಯ ಮೇಲೆ.

ನಮ್ಮ ಹುಡುಗ ಸೇರಿದ್ದು ಇಂಥ ಪೇಢಿ. ಮೊದಲ ದಿನವೇ ಕೋಟು ಹಾಕಿಕೊಂಡು ಹೋದವನನ್ನು ಗೋದಾಮಿಗೆ ಕಳಿಸಿದರು. ನೂಲಿನ ನಂಬರೇ ಅವನಿಗೆ ತಿಳಿಯಲಿಲ್ಲ. 20ಕ್ಕಿಂತ 40 ದಪ್ಪ ಅಂದುಕೊಂಡಿದ್ದ. ವಾಸ್ತವ ತಿರುಗುಮುರುಗು. 840 ಗಜದ ಒಂದು ಲಡಿಯಂತೆ ಎಷ್ಟು ಲಡಿ ಹಾಕಿದರೆ ಒಂದು ಪೌಂಡು ತೂಗುತ್ತದೋ ಅದೇ ನಂಬರು. ನಂಬರು ಏರಿದಂತೆ ಎಳೆ ಸಣ್ಣ. ಹಮಾಲರು ನಕ್ಕರು. ಬಂದ ಚೀಲ, ಹೋದ ಚೀಲ ಎಣಿಸಿ ವಹಿಯಲ್ಲಿ ಬರೆಯುವುದು ಅವನ ಕೆಲಸ. ನಾಲ್ಕು ತಿಂಗಳು ಅದೇ.

ನಾನು ಅಕ್ಕನ ಮನೆಗೆ ಹೋದಾಗ ಹುಡುಗ ಒಂದೇ ಮಾತು ಹಿಡಿದಿದ್ದ: “ಮಾಮಾ, ಅಲ್ಲೆ ನನ್ನ ಓದಿಗೆ ಕಿಮ್ಮತ್ತಿಲ್ಲ.” ನಾನು ವಾದ ಮಾಡಲಿಲ್ಲ. “ಬಾ, ಸಾಮಾನರೆ ತರೋಣ” ಎಂದು ಬಸ್ಸು ಹತ್ತಿಸಿದೆ. ನಿಪ್ಪಾಣಿ ದಾಟಿದ ಮೇಲೆ ನಿಜ ಹೊರಬಿತ್ತು.

ಶ್ರಾವಣದ ಗಡಿಬಿಡಿಯಲ್ಲಿ ಒಬ್ಬ ಖರ್ಚೀವಾಲಾನಿಗೆ ಹೊಕ್ಕಿನ ನೂಲು ಕಳಿಸುವಾಗ ಇವನು ಎರಡು ಲಾಟಿನ ಚೀಲ ಬೆರಸಿ ಕಳಿಸಿದ್ದ. ನಂಬರು ಒಂದೇ, ಗಿರಣಿಯೂ ಒಂದೇ, ಲಾಟು ಬೇರೆ. ನೇಯುವಾಗ ಕಣ್ಣಿಗೆ ಬೀಳುವುದಿಲ್ಲ. ಬಣ್ಣಕ್ಕೆ ಹೋದ ಮೇಲೆ ನೀಲಿ ಬಟ್ಟೆಯ ಮೇಲೆ ಅಡ್ಡಡ್ಡ ಪಟ್ಟಿ ಎದ್ದವು. ಕೊಂಡವರು ದರ ಮುರಿದರು. ಪೇಢಿಯವರು ‘ನೇಯ್ಗೆ ಸರಿ ಇಲ್ಲ’ ಎಂದು ಖರ್ಚೀವಾಲಾನ ಮಜೂರಿ ತಡೆದರು. ಆ ಮನುಷ್ಯ ಕನ್ನಡದವ, ಎಂಟು ಮಗ್ಗದ ಸಂಸಾರ. ಅಂಗಡಿಗೆ ಬಂದು ಕೈ ಮುಗಿದು, “ನನ್ನ ಮಗ್ಗದಾಗ ಏನೂ ತಪ್ಪಿಲ್ಲರೀ” ಎಂದು ನಿಂತಿದ್ದ. ಹುಡುಗನಿಗೆ ಒಳಗೆ ಗೊತ್ತಾಗಿತ್ತು. ವಹಿಯಲ್ಲಿ ಲಾಟು ನಂಬರು ಬರೆದಿರಲಿಲ್ಲ, ಹಾಗಾಗಿ ಯಾರೂ ಹಿಡಿಯುವಂತಿರಲಿಲ್ಲ. ಅವನು ಸುಮ್ಮನಿದ್ದ. ಹಬ್ಬಕ್ಕೆ ಊರಿಗೆ ಬಂದ ಮೇಲೆ ಆ ಮನುಷ್ಯನ ಮುಖ ಕಣ್ಣಮುಂದಿನಿಂದ ಹೋಗದೆ, ತಿರುಗಿ ಹೋಗಲು ಕಾಲು ಬರಲಿಲ್ಲ. ಓದಿನ ಕಿಮ್ಮತ್ತು, ಚೀಲ ಎಣಿಸುವ ಅವಮಾನ ಎಲ್ಲ ಮೇಲಿನ ಮಾತು.

ಇಚಲಕರಂಜಿಯಲ್ಲಿ ಇಳಿದವರು ಸಾಮಾನು ಇದ್ದ ಕೋಣೆಗೆ ಹೋಗಲಿಲ್ಲ. ಪೇಢಿಗೆ ಹೋದೆವು. ಹುಡುಗ ಮೊದಲು ದಿವಾಣಜಿಗೆ, ಆಮೇಲೆ ಸೇಠರಿಗೆ ಹೇಳಿದ. ಸೇಠರು ಒಂದು ಗಳಿಗೆ ಸುಮ್ಮನಿದ್ದು, “ಆಧೀ ಕಾ ನಾಹೀ ಸಾಂಗಿತಲಂಸ?” ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂಬ ಆ ಒಂದು ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಮಜೂರಿ ಎರಡು ದಿನದಲ್ಲಿ ಖರ್ಚೀವಾಲಾನಿಗೆ ತಲುಪಿತು, ಹುಡುಗನೇ ಮನೆಗೆ ಒಯ್ದು ಕೊಟ್ಟು ಬಂದ. ಅಲ್ಲಿ ಅವನಿಗೆ ಬೈಗುಳವೂ ಸಿಕ್ಕಿತು, ಚಹಾವೂ ಸಿಕ್ಕಿತು.

ಅಂದು ಸಂಜೆ ಅಂಗಡಿ ಮುಚ್ಚುವಾಗ ಮುದುಕ ದಿವಾಣಜಿ ನನಗೆ ಕೇಳುವಂತೆ ಹುಡುಗನಿಗೆ ಹೇಳಿದರು: “ಚೀಲ ಎಣಿಸಲಿಕ್ಕೆ ಹಮಾಲ ಸಾಕು. ಯಾವ ಚೀಲ ಎಲ್ಲಿಗೆ ಹೋಯಿತು ಅಂತ ಉತ್ತರ ಕೊಡಲಿಕ್ಕೆ ಒಬ್ಬ ಬೇಕು. ಅದಕ್ಕ ನಿನ್ನ ತಂದದ್ದು.” ಅಕ್ಕ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರವೆಂದು ನನಗೆ ಹೊಳೆಯಿತು. ಮ್ಯಾನೇಜರನೆಂದರೆ ತಪ್ಪಾದಾಗ ಮುಂದೆ ಬಂದು ನಿಲ್ಲುವವ. ಅದನ್ನು ಕಲಿಯಲು ಗೋದಾಮೇ ಬೇಕು. ಅಲ್ಲಿಯ ತಪ್ಪಿನಿಂದ ಯಾರ ಒಲೆ ಆರುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಓದು ಕೈಗೆ ಬಂದ ದಿನ

ಹಾಗಾದರೆ ಎಂ.ಬಿ.ಎ. ದಂಡವೇ? ಅಲ್ಲ. ಮುಂದಿನ ಮಾತು ಕೇಳಿ.

ಮರುತಿಂಗಳೇ ಹುಡುಗ ಲಾಟಿನ ವಹಿ ಬೇರೆ ಮಾಡಿದ. ಯಾವ ಲಾಟು ಯಾವ ಮಗ್ಗಕ್ಕೆ ಎಂಬುದನ್ನು ಕಂಪ್ಯೂಟರಿನಲ್ಲಿ ಏರಿಸಿದ. ಯಾವ ಮಾಲು ಎಷ್ಟು ದಿನದಿಂದ ಗೋದಾಮಿನಲ್ಲಿ ಕೊಳೆಯುತ್ತಿದೆ ಎಂದು ಪಟ್ಟಿ ತೆಗೆದ. ಕ್ಲಾಸಿನಲ್ಲಿ ಓದಿದ ದಾಸ್ತಾನು ನಿರ್ವಹಣೆ ಎಂಬ ಅಧ್ಯಾಯಕ್ಕೆ ಆಗ ಅರ್ಥ ಬಂತು. ಗಡಿ ದಾಟುವ ಮಾಲಿಗೆ 2018ರ ಏಪ್ರಿಲ್‌ನಿಂದ ಇ-ವೇ ಬಿಲ್ಲು ಬೇಕು. 50 ಸಾವಿರ ಮೀರಿದ ಮಾಲಿನ ಲಾರಿ ಕೊಗನೊಳ್ಳಿ ಕಡೆ ತಡೆದರೆ ಕರ್ನಾಟಕದ ಅಧಿಕಾರಿಯೊಡನೆ ಕನ್ನಡದಲ್ಲಿ, ಡ್ರೈವರನೊಡನೆ ಅವನ ಮಾತಿನಲ್ಲಿ, ಸೇಠರೊಡನೆ ಮರಾಠಿಯಲ್ಲಿ ಮಾತಾಡುವವನು ಪೇಢಿಯಲ್ಲಿ ಇವನೊಬ್ಬನೇ. ಅವ್ವನಿಂದ ಬಂದ ತೆಲುಗೂ ನೇಕಾರರ ಓಣಿಯಲ್ಲಿ ಕೆಲಸಕ್ಕೆ ಬಂತು.

ಮುಂದೆ 2024ರ ಮಾರ್ಚ್. ಹಿಂದಿನ ವರ್ಷದ ಹಣಕಾಸು ಕಾಯ್ದೆ ತಂದ ಹೊಸ ನಿಯಮ 2023-24ರ ಲೆಕ್ಕಕ್ಕೆ ಅನ್ವಯವಾಗುವುದಿತ್ತು. ಸೂಕ್ಷ್ಮ, ಸಣ್ಣ ಉದ್ದಿಮೆಯಿಂದ ಮಾಲು ಅಥವಾ ಕೆಲಸ ಪಡೆದವರು ಬರಹದ ಕರಾರಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದರೆ ಆ ಬಾಕಿಯನ್ನು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬೇಕು, ಅಲ್ಲಿಯವರೆಗೆ ಅದರ ಮೇಲೂ ಆದಾಯ ತೆರಿಗೆ. ತಿಂಗಳುಗಟ್ಟಲೆ ಉದ್ರಿಯ ಮೇಲೆ ನಡೆಯುವ ಬಟ್ಟೆ ಪೇಟೆ ಗಾಬರಿಯಾಯಿತು. ಯಾರಿಗೆ ಕೊಡಬೇಕು, ಯಾರದು ತಡೆದರೆ ನಡೆದೀತು ಎಂದು ತಿಳಿಯದೆ ಎಲ್ಲರೂ ಎಲ್ಲರ ಬಿಲ್ಲು ಹಿಡಿದು ಕೂತರು. ಹುಡುಗ ಉದ್ಯಮ ನೋಂದಣಿ ಇದ್ದವರ ಪಟ್ಟಿ ಮಾಡಿದ. ಅದರಲ್ಲಿ ತಯಾರಿಸುವವರು, ಮಜೂರಿಗೆ ನೇಯುವವರು ಒಂದು ಕಡೆ. ಬರೀ ಕೊಂಡು ಮಾರುವವರು ಇನ್ನೊಂದು ಕಡೆ, ಯಾಕೆಂದರೆ ಬರೀ ವ್ಯಾಪಾರಿಗೆ ಈ ನಿಯಮ ತಾಗದು. ಲೆಕ್ಕ ತಪಾಸಣೆಯವರು ನೋಡಿ ಸರಿ ಎಂದರು. ಆ ಮಾರ್ಚಿನಲ್ಲಿ ಎಲ್ಲರಿಗಿಂತ ಮೊದಲು ಹಣ ಸಿಕ್ಕಿದ್ದು ಖರ್ಚೀವಾಲಾಗಳಿಗೆ.

ಮೂರು ವರ್ಷ ತುಂಬುವ ಹೊತ್ತಿಗೆ ನೂಲು ಖರೀದಿ ಮತ್ತು ದಾಸ್ತಾನಿನ ಜವಾಬ್ದಾರಿ ಅವನ ಪಾಲಿಗೆ ಬಂತು. ಕೈಕೆಳಗೆ ನಾಲ್ಕು ಜನ. ಮೇಜು ಗೋದಾಮಿನ ಬಾಗಿಲ ಪಕ್ಕ, ತೂಕದ ಕಾಂಟಾದ ಎದುರು.

ಬೇರೆ ಬಾಗಿಲುಗಳು

ಎಲ್ಲರೂ ನೂಲಿನ ಪೇಢಿಗೇ ಹೋಗಬೇಕೆಂದಿಲ್ಲ. ಸಕ್ಕರೆ ಕಾರಖಾನೆಯ ಶೇತಕಿ ವಿಭಾಗದಲ್ಲಿ ಸೇರಿದರೆ ಮೊದಲು ಸ್ಲಿಪ್ ಬಾಯ್ ಜತೆ ಗದ್ದೆಯ ಬದುವಿನ ಮೇಲೆ ಓಡಾಡಬೇಕು. ಕಟಾವಿನ ಟೋಳಿ, ಗಾಡಿಯ ಪಾಳಿ, ತೂಕದ ಕಾಂಟಾ ತಿಳಿಯಬೇಕು. ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ 14 ದಿನದ ಹಣ ಹೇಗೆ ಹೊಂದಿಸುತ್ತಾರೆ ಎಂದು ಕಲಿತವನಿಗೆ ಮುಂದೆ ಯಾವ ಕಾರಖಾನೆಯಲ್ಲೂ ಕೆಲಸ ಉಂಟು.

ಸಹಕಾರಿ ಸಂಘ, ಪತಸಂಸ್ಥೆಯಲ್ಲಿ ಬೆಳೆಯಬೇಕೆಂದರೆ ಮಹಾರಾಷ್ಟ್ರ ಸಹಕಾರ ಇಲಾಖೆ ವರ್ಷಕ್ಕೊಮ್ಮೆ ನಡೆಸುವ ಜಿ.ಡಿ.ಸಿ. ಆ್ಯಂಡ್ ಎ. ಪರೀಕ್ಷೆ ಇದೆ. ಯಾವುದೇ ಪದವೀಧರ ಕೆಲಸ ಮಾಡುತ್ತಲೇ ಬರೆಯಬಹುದು. ಅದರಲ್ಲಿ ಲೆಕ್ಕ, ತಪಾಸಣೆ, ಸಹಕಾರ ಕಾಯ್ದೆ ಎಲ್ಲ ಬರುತ್ತವೆ. ಕರ್ನಾಟಕದ ಸಂಘಗಳಿಗೆ ಹೋಗುವವರಿಗೆ ಡಿ.ಸಿ.ಎಂ. ಎಂಬ ಸಹಕಾರ ಡಿಪ್ಲೊಮಾ ಉಂಟು. ಲೆಕ್ಕದಲ್ಲಿ ಗಟ್ಟಿಯಿದ್ದವರು ಸಿ.ಎ. ಕಡೆ ನೋಡಲಿ. 2023ರ ಜುಲೈಯಿಂದ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರರ ಬದಲು ಎರಡು ವರ್ಷ.

ಇನ್ನು ಪ್ರವೇಶದ ಮಾತು. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳಲ್ಲಿ ‘ಗಡಿನಾಡ ಕನ್ನಡಿಗ’ ಎಂಬ ಕಲಮು ಇದೆ. ಕಾಸರಗೋಡು ಭಾಗದ ಜತೆಗೆ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮನೆಮಾತಿನ ಮಕ್ಕಳು ಅದರಲ್ಲಿ ಬರುತ್ತಾರೆ. ಆಚೆಗೆ, ಕರ್ನಾಟಕದ 865 ಗಡಿ ಹಳ್ಳಿಗಳ ಮರಾಠಿ ಮನೆಮಾತಿನವರಿಗೆ ಮಹಾರಾಷ್ಟ್ರದಲ್ಲಿ ಇಂಥದೇ ಅನುಕೂಲವಿದೆ. ಆಯಾ ವರ್ಷದ ಪ್ರಕಟಣೆ ಓದಿ, ಶಾಲೆಯ ದಾಖಲೆ, ವಾಸದ ದಾಖಲೆ ಮೊದಲೇ ಹೊಂದಿಸಿಟ್ಟುಕೊಳ್ಳಬೇಕು.

ಯಾವಾಗ ಬಿಡಬೇಕು?

ಗೋದಾಮಿನಲ್ಲಿ ದುಡಿದವರೆಲ್ಲ ಮೇಲೆ ಬರುತ್ತಾರೆಂದು ನಾನು ಹೇಳಲಾರೆ. ‘ಟ್ರೇನಿ’ ಎಂಬ ಹೆಸರಿನಲ್ಲಿ ಗುಮಾಸ್ತನ ಪಗಾರಕ್ಕೆ ವರ್ಷಗಟ್ಟಲೆ ದುಡಿಸಿಕೊಳ್ಳುವ ಜಾಗಗಳೂ ಇವೆ. ಹುಡುಗ ಹುಡುಗಿಯರು ವರ್ಷಕ್ಕೊಮ್ಮೆ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಹೋದ ವರ್ಷಕ್ಕಿಂತ ಈ ವರ್ಷ ಹೊಸ ಕೆಲಸ ಕೈಗೆ ಬಂತೇ? ತಪ್ಪಾದಾಗ ಕರೆದು ತೋರಿಸುವ ಹಿರಿಯರು ಅಲ್ಲಿದ್ದಾರೆಯೇ? ನನ್ನ ಸಹಿಗೆ, ನನ್ನ ಮಾತಿಗೆ ಬೆಲೆ ಬರುತ್ತಿದೆಯೇ? ಎರಡು ವರ್ಷ ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಬೇರೆ ಬಾಗಿಲು ನೋಡಬೇಕು. ನಾಲ್ಕೇ ತಿಂಗಳಿಗೆ ಬೇಡ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಕನ್ನಡದಲ್ಲಿ ಹೇಳುತ್ತೇವೆ. ತೆಲುಗಿನಲ್ಲಿ, ಕೂರ್ಚುನಿ ತಿಂಟೆ ಕೊಂಡಲೈನಾ ಕರುಗುತಾಯಿ, ಕೂತು ತಿಂದರೆ ಬೆಟ್ಟವೂ ಕರಗುತ್ತದೆ ಎನ್ನುತ್ತಾರೆ. ಎರಡೂ ಗಾದೆ ಗೊತ್ತಿದ್ದೂ ನಾವು ಮಕ್ಕಳಿಗೆ ಮೊದಲ ದಿನವೇ ಕೂರುವ ಕುರ್ಚಿ ಬಯಸುತ್ತೇವೆ.

ಮೊನ್ನೆ ಅಕ್ಕ ಮತ್ತೆ ಫೋನು ಮಾಡಿದ್ದಳು. ಅಡವಿಟ್ಟ ಬಂಗಾರ ಬಿಡಿಸಿಕೊಂಡಾಗಿದೆ. ಬ್ಯಾಂಕಿನ ಕೊನೆಯ ಕಂತು ಇರುವುದು 2033ರಲ್ಲಿ. ಕಿರಿಯ ಮಗಳದು ಬಿ.ಕಾಂ. ಮುಗಿಯುತ್ತ ಬಂದಿದೆ. “ಇದನ್ನೂ ಕೊಲ್ಹಾಪುರಕ್ಕೆ ಕಳಿಸಲೇನೋ?” ಎಂದು ತೆಲುಗಿನಲ್ಲಿ ಕೇಳಿದಳು. ಮೊದಲು ಒಂದು ವರ್ಷ ಗಡಹಿಂಗ್ಲಜದಲ್ಲೇ ಅಡತಿಯಲ್ಲೋ ಪತಸಂಸ್ಥೆಯಲ್ಲೋ ಲೆಕ್ಕ ಬರೆಯಲಿ, ಆಮೇಲೆ ನೋಡೋಣ ಎಂದೆ.

“ಇರು, ಅವನನ್ನೂ ಒಂದು ಮಾತು ಕೇಳ್ತೀನಿ” ಎಂದಳು ಅಕ್ಕ. ಅವನು ಆಗ ಗೋದಾಮಿನಲ್ಲಿದ್ದ. ಮಾಲು ಇಳಿಯುವ ಹೊತ್ತು, ಫೋನು ಎತ್ತಲಿಲ್ಲ.